ಹತ್ತು ಸಾವಿರ ಗಂಟೆ ಮತ್ತು ಬಿಟ್ಟುಹೋದ ನಿದ್ದೆ

ಮಾಲ್ಕಮ್ ಗ್ಲ್ಯಾಡ್‌ವೆಲ್ ಅವರ ‘ಔಟ್‌ಲೈಯರ್ಸ್’ (2008) ಪುಸ್ತಕದ ಪರಿಣತಿಗೆ ಹತ್ತು ಸಾವಿರ ಗಂಟೆ ಅಭ್ಯಾಸ ಬೇಕೆನ್ನುವ ಅಧ್ಯಾಯಕ್ಕೆ ಸಿಗುವ ಮರ್ಯಾದೆ ಇನ್ನೂ ಇಳಿದಿಲ್ಲ. ಬೀಟಲ್ಸ್, ಬಿಲ್ ಗೇಟ್ಸ್ ಕಥೆಗಳು ಎಲ್ಲರಿಗೂ ಗೊತ್ತು, ಅವನ್ನು ಬಿಡೋಣ. ಅಧ್ಯಾಯದ ಬುನಾದಿ ಇರುವುದು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳಲ್ಲಿ. ನನ್ನ ತಕರಾರೂ ಅಲ್ಲೇ.

ಆ ಅಧ್ಯಯನ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರದು, 1993ರದು. ಗ್ಲ್ಯಾಡ್‌ವೆಲ್ ಎತ್ತಿಕೊಂಡದ್ದು ಮುಖ್ಯವಾಗಿ ಒಂದು ಅಂಕಿ: ಇಪ್ಪತ್ತರ ವಯಸ್ಸಿಗೆ ಶ್ರೇಷ್ಠ ವಾದಕರ ಅಭ್ಯಾಸ ಸುಮಾರು 10,000 ಗಂಟೆ. ಅದು ಬರೀ ಸರಾಸರಿ, ಗುಂಪಿನ ಅರ್ಧ ಜನ ಅಷ್ಟು ಮುಟ್ಟಿರಲಿಲ್ಲ ಎಂದು ಎರಿಕ್ಸನ್ನರೇ ಆಮೇಲೆ ಗೊಣಗಿದರು. ಇದಕ್ಕಿಂತ ದೊಡ್ಡ ಲೋಪ ಬೇರೆಯಿದೆ. ವಿದ್ಯಾರ್ಥಿಗಳು ಬರೆದಿಟ್ಟ ದಿನಚರಿ ನೋಡಿ. ಪಾಠ, ಗೋಷ್ಠಿ ಎಲ್ಲ ಸೇರಿ ವಾರಕ್ಕೆ ಸಂಗೀತಕ್ಕೆ ಹೋಗುತ್ತಿದ್ದ ಸಮಯ, ಸಾಮರ್ಥ್ಯಕ್ಕೆ ತಕ್ಕಂತೆ ವಿಂಗಡಿಸಿದ ಮೂರೂ ಗುಂಪುಗಳಲ್ಲಿ ಹೆಚ್ಚುಕಮ್ಮಿ ಒಂದೇ, ಸುಮಾರು 50 ಗಂಟೆ. ವ್ಯತ್ಯಾಸವಿದ್ದದ್ದು ಒಬ್ಬರೇ ಕೂತು ಮಾಡುವ ಸಾಧಕದಲ್ಲಿ: ಮೇಲಿನ ಎರಡು ಗುಂಪಿಗೆ 24 ಗಂಟೆ ಚಿಲ್ಲರೆ, ಸಂಗೀತದ ಮೇಷ್ಟರಾಗಲು ಓದುತ್ತಿದ್ದವರಿಗೆ 9 ಚಿಲ್ಲರೆ. ಮೇಲಿನವರದೂ ದಿನಕ್ಕೆ ಮೂರೂವರೆ ಗಂಟೆಯಷ್ಟೇ; ಅದೂ ಕಂತುಕಂತಾಗಿ, ನಡುವೆ ಬಿಡುವು ಕೊಟ್ಟು. ಇನ್ನು ನಿದ್ದೆ: ಮಧ್ಯಾಹ್ನದ ಜೊಂಪೂ ಸೇರಿ ಮೇಲಿನ ಎರಡು ಗುಂಪಿಗೆ ದಿನಕ್ಕೆ 8.6 ಗಂಟೆ, ಮೂರನೆಯ ಗುಂಪಿಗೆ 7.8. ಹೆಚ್ಚು ಸಾಧಕ ಮಾಡಿದವರೇ ಹೆಚ್ಚು ಮಲಗಿದರು. ಗಾಢ ಏಕಾಗ್ರತೆಗೆ ಮಿತಿಯಿದೆ, ದಣಿವು ಆರದೆ ಮತ್ತೆ ಕೂತರೆ ಪ್ರಯೋಜನವಿಲ್ಲ ಎಂಬುದು ಆ ಪ್ರಬಂಧದ ವಾದದ ಅರ್ಧಭಾಗ. ಗ್ಲ್ಯಾಡ್‌ವೆಲ್‌ರಲ್ಲಿ ಅದರ ಸುಳಿವೇ ಇಲ್ಲ. ನಿದ್ದೆಯೇ ಅವರನ್ನು ಶ್ರೇಷ್ಠರನ್ನಾಗಿಸಿತು ಎಂದು ಈ ಅಂಕಿ ಸಾಬೀತು ಮಾಡುವುದಿಲ್ಲ, ನಿಜ. 10,000ವೂ ಅಷ್ಟೇ ತಾನೆ?

ಈ ಲೋಪವನ್ನು ವಿಮರ್ಶಕರಾದರೂ ಹಿಡಿಯಬೇಕಿತ್ತು. ಬ್ರೂಕ್ ಮ್ಯಾಕ್‌ನಮಾರಾ ತಂಡ 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಹಾಕಿ, ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇ. 21 ಎಂದಿತು. ಅಲ್ಲಿಂದ ಶುರುವಾದ ಜಗಳ ಪ್ರತಿಭೆಯೋ ಪರಿಶ್ರಮವೋ ಎಂಬಲ್ಲೇ ಸುತ್ತುತ್ತಿದೆ. ಎರಡು ಪಾಳೆಯದವರೂ ಗಂಟೆಗಳ ಮೊತ್ತಕ್ಕೇ ಜೋತುಬಿದ್ದರು. ಗಂಟೆಗಳ ನಡುವಿನ ವಿಶ್ರಾಂತಿಯನ್ನು ಒಬ್ಬಿಬ್ಬರು ಎತ್ತಿದರೂ ಅದು ಚರ್ಚೆಯ ಅಂಚಿನಲ್ಲೇ ಉಳಿಯಿತು.

ಇದು ಪಂಡಿತರ ಜಗಳವಾಗಿ ಮುಗಿಯುವ ವಿಷಯವಲ್ಲ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರಿಗೆ ವಾರಕ್ಕೆ 70 ಗಂಟೆ ದುಡಿಯಲು ಹೇಳಿದರು. 2025ರಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು 90ಕ್ಕೆ ಏರಿಸಿದರು. ಅಷ್ಟು ದುಡಿಯಬೇಕಾದರೆ ನಿದ್ದೆಗೆ ಕತ್ತರಿ ಬೀಳುವುದು ಸಹಜ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಪ್ರಯೋಗವೊಂದರಲ್ಲಿ ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಇನ್ನೂ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ತಾವು ಅಷ್ಟು ಸೋತಿದ್ದೇವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ದಣಿದ ಮಿದುಳು ತನ್ನ ದಣಿವಿಗೆ ತಾನೇ ಸಾಕ್ಷಿ ಹೇಳಲಾರದು. ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್ ಮುಚ್ಚದವರು ‘ನನಗೇನೂ ಆಗಿಲ್ಲ’ ಎನ್ನುವುದನ್ನು ಹಾಗಾಗಿಯೇ ನಂಬಲಾಗದು.

ಗ್ಲ್ಯಾಡ್‌ವೆಲ್ ಸೊಗಸಾಗಿ ಬರೆಯುತ್ತಾರೆ. ಅವಕಾಶ, ಅದೃಷ್ಟಗಳ ಪಾತ್ರವನ್ನೂ ಒಪ್ಪುತ್ತಾರೆ. ಆದರೆ ಆ ಗಂಟೆಗಳು ಫಲ ಕೊಡಲು ಇದ್ದ ಷರತ್ತನ್ನು ತೆಗೆದುಹಾಕಿ ಲೆಕ್ಕವನ್ನಷ್ಟೇ ನಮ್ಮ ಕೈಗಿಟ್ಟರು. ಅಂಥ ಅಧ್ಯಾಯಕ್ಕೆ ಇಷ್ಟೊಂದು ಗೌರವ ಸಲ್ಲದು.