ಹೆಣ ಕಾಯುತ್ತಿದೆ, ಆಚಾರ್ಯರು ಯೋಚಿಸುತ್ತಿದ್ದಾರೆ

ಎರ್ಮಾಳಿನ ನಮ್ಮ ಮನೆಯ ಮಾಡು ಎರಡು ಮಳೆಗಾಲದಿಂದ ಸೋರ್ತಾ ಇದೆ. ರಿಪೇರಿ ಮಾಡಿಸೋದಾ, ಮನೆ ಮಾರಿ ಅಮ್ಮನನ್ನು ಬೆಂಗಳೂರಿಗೆ ಕರ್ಕೊಂಡು ಹೋಗೋದಾ, ಅಥವಾ ನಾನೇ ಕೆಲಸ ಬದಲಿಸಿ ಮಣಿಪಾಲಕ್ಕೋ ಮಂಗಳೂರಿಗೋ ಬಂದುಬಿಡೋದಾ? ಮೂರಕ್ಕೂ ಫೋನಿನಲ್ಲಿ ಲಾಭ-ನಷ್ಟದ ಪಟ್ಟಿ ಮಾಡಿಟ್ಟಿದ್ದೇನೆ. ಎರಡು ವರ್ಷದಲ್ಲಿ ಪಟ್ಟಿ ಉದ್ದ ಆಗಿದೆ, ಅಷ್ಟೇ.

ಮೊನ್ನೆ ರಜೆಯಲ್ಲಿ ಊರಿಗೆ ಬಂದಾಗ ಜೋರು ಮಳೆ. ಹೊರಗೆ ಹೋಗುವ ಹಾಗಿರಲಿಲ್ಲ. ಕಪಾಟಿನಲ್ಲಿ ಸಿಕ್ಕಿದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರ ಕಾದಂಬರಿ. ಕಾಲೇಜಿನಲ್ಲಿ ಜಾತಿ, ಕಾಮ, ಸಂಪ್ರದಾಯ ಅಂತೆಲ್ಲ ನೋಟ್ಸ್ ಬರೆದು ಪಾಸಾಗಿದ್ದೆ. ಅದೆಲ್ಲ ಇದೆ, ಸುಳ್ಳಲ್ಲ. ಆದರೆ ಈ ಸಲ ಬೇರೆಯೇ ಒಂದು ಕಂಡಿತು. ಇದು ತೀರ್ಮಾನ ತೆಗೆದುಕೊಳ್ಳಲು ಹೆದರಿ ಒಂದು ಇಡೀ ಅಗ್ರಹಾರವೇ ಸಿಕ್ಕಿಹಾಕಿಕೊಂಡ ಕಥೆ.

ದೂರ್ವಾಸಪುರದಲ್ಲಿ ನಾರಣಪ್ಪ ಸತ್ತಿದ್ದಾನೆ. ಕುಡಿದ, ಮಾಂಸ ತಿಂದ, ಕುಂದಾಪುರದಿಂದ ಕರೆತಂದ ಚಂದ್ರಿಯ ಜೊತೆ ಬದುಕಿದ. ಅವನ ಸಂಸ್ಕಾರ ಯಾರು ಮಾಡಬೇಕು? ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಗಮನಿಸಿ, ಈ ಸಮಸ್ಯೆ ಅವನು ಸತ್ತ ದಿನ ಹುಟ್ಟಿದ್ದಲ್ಲ. ಬದುಕಿದ್ದಾಗಲೇ ಅವನಿಗೆ ಬಹಿಷ್ಕಾರ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಇತ್ತು. ಹಾಕಿದರೆ ಮುಸಲ್ಮಾನನಾಗ್ತೇನೆ ಅಂತ ಅವನು ಹೆದರಿಸಿದ. ಇವರು ಮುಂದೂಡಿದರು. ಅಂದು ಮುಂದೂಡಿದ ತೀರ್ಮಾನವೇ ಇಂದು ಹೆಣವಾಗಿ ನಡುಬೀದಿಯ ಮನೆಯಲ್ಲಿ ಮಲಗಿದೆ.

ಆಮೇಲೆ ನಡೆಯುವುದು ನಮ್ಮ ಆಫೀಸಿನಲ್ಲಿ ನಡೆಯುವುದೇ. ಎಲ್ಲರೂ ಪ್ರಾಣೇಶಾಚಾರ್ಯರ ಜಗುಲಿಯಲ್ಲಿ ಸೇರಿ ಮೀಟಿಂಗ್ ಮಾಡ್ತಾರೆ. ಪಾರಿಜಾತಪುರದವರನ್ನು ಕೇಳಿ ಅಂತಾರೆ, ಕೈಮರಕ್ಕೆ ಹೋಗಿ ಅಂತಾರೆ, ಕಡೆಗೆ ಮಠಕ್ಕೇ ಹೋಗೋಣ ಅಂತಾರೆ. ಒಬ್ಬೊಬ್ಬರೂ ಮೇಲಿನವರಿಗೆ ಫಾರ್ವರ್ಡ್ ಮಾಡೋದು. ಈ ನಡುವೆ ಇಲಿಗಳು ಸಾಯ್ತಾವೆ, ಮಾಡಿನ ಮೇಲೆ ಹದ್ದು ಕೂರುತ್ತವೆ, ಊರೆಲ್ಲ ನಾತ. ಹದ್ದು ಓಡಿಸಲು ಜಾಗಟೆ ಬಾರಿಸುತ್ತಾರೆಯೇ ಹೊರತು ಹೆಣ ಎತ್ತುವುದಿಲ್ಲ.

ಆಚಾರ್ಯರಾದರೂ ಎಂತ ಮಾಡ್ತಾರೆ? ಮೊದಲು ತಾಳೆಗರಿ ಬಿಚ್ಚುತ್ತಾರೆ. ಉತ್ತರ ಸಿಗುವುದಿಲ್ಲ. ಮತ್ತೆ ಮಾರುತಿಯ ಗುಡಿಗೆ ಹೋಗಿ, ಬಲಗಡೆ ಹೂ ಬಿದ್ದರೆ ಹೀಗೆ, ಎಡಗಡೆ ಬಿದ್ದರೆ ಹಾಗೆ ಅಂತ ಕೂರುತ್ತಾರೆ. ಹೂ ಬೀಳುವುದೇ ಇಲ್ಲ. ಕಾಶಿಯಲ್ಲಿ ಓದಿದ ಪಂಡಿತರು ಇವರು! ಇಲ್ಲಿ ಅವರಿಗೆ ಜ್ಞಾನ ಸಾಲದೆ ಹೋಯಿತು ಅಂತ ನನಗೆ ಅನ್ನಿಸಲಿಲ್ಲ. ತಪ್ಪಾದರೆ ಅದು ತನ್ನ ತಪ್ಪಾಗಬಾರದು, ಶಾಸ್ತ್ರದ್ದೋ ದೇವರದ್ದೋ ಆಗಿರಬೇಕು, ಅಷ್ಟೇ ಅವರ ಆಸೆ. ನನ್ನ ಪಟ್ಟಿಯ ಉದ್ದೇಶವೂ ಅದೇ ಅಲ್ವಾ ಅಂತ ಅನ್ನಿಸಿ ಪುಸ್ತಕ ಮುಚ್ಚಿಟ್ಟೆ.

ಅದೇ ರಾತ್ರಿ ಚಂದ್ರಿ ಏನು ಮಾಡ್ತಾಳೆ ನೋಡಿ. ಅಹಮದ್ ಬ್ಯಾರಿಯ ಗಾಡಿ ತರಿಸಿ, ಹೆಣ ಹೇರಿಸಿ, ಸುಡಿಸಿ, ಗಂಟು ಕಟ್ಟಿಕೊಂಡು ಕುಂದಾಪುರದ ಬಸ್ಸಿಗೆ ಹೊರಡುತ್ತಾಳೆ. ಕೆಲವೇ ಪುಟಗಳಲ್ಲಿ ಕೆಲಸ ಮುಗೀತು. ಬ್ರಾಹ್ಮಣರಿಗೆ ಅದು ಗೊತ್ತೇ ಇಲ್ಲ. ಬೂದಿಯಾದ ಹೆಣಕ್ಕೆ ಪರಿಹಾರ ಕೇಳಲು ಅವರು ಮಠದ ದಾರಿ ಹಿಡಿದು ನಡೆಯುತ್ತಲೇ ಇರುತ್ತಾರೆ. ಇದಕ್ಕಿಂತ ಕ್ರೂರವಾದ ಹಾಸ್ಯ ನಾನು ಕನ್ನಡದಲ್ಲಿ ಹೆಚ್ಚು ಓದಿಲ್ಲ.

ಚಂದ್ರಿಗೆ ಕಳೆದುಕೊಳ್ಳಲು ಹೆಸರಿರಲಿಲ್ಲ, ಅದಕ್ಕೇ ಸುಲಭವಾಯಿತು ಅನ್ನಬಹುದು. ನಿಜ. ಅಂದರೆ ಆಚಾರ್ಯರನ್ನು ಕಟ್ಟಿಹಾಕಿದ್ದು ಧರ್ಮಸೂಕ್ಷ್ಮ ಅಲ್ಲ, ‘ಆಚಾರ್ಯ’ ಎಂಬ ಹೆಸರು ಎಂದಾಯಿತು.

ಇಲ್ಲೇ ಕಾದಂಬರಿಯ ಮೇಲೆ ನನ್ನ ತಕರಾರು. ಚಂದ್ರಿಯ ಒಂದು ರಾತ್ರಿಗೆ ಕೆಲವು ಪುಟ, ಆಚಾರ್ಯರ ತುಮುಲಕ್ಕೆ ಉಳಿದದ್ದೆಲ್ಲ. 1970ರ ಸಿನಿಮಾ ಹೆಸರು ಹೇಳಿದರೂ ನನಗೆ ಮೊದಲು ನೆನಪಾಗುವುದು ಗಿರೀಶ್ ಕಾರ್ನಾಡರ ಚಿಂತೆಯ ಮುಖ, ಸ್ನೇಹಲತಾ ರೆಡ್ಡಿಯವರ ಚಂದ್ರಿ ಅಲ್ಲ. ನಾವು ಓದುಗರು ಆ ಚಿಂತೆಗೇ ಮರುಳಾಗಿದ್ದೇವೆ. ಯೋಚಿಸಿ ಯೋಚಿಸಿ ನರಳುವುದೇ ದೊಡ್ಡತನ ಅಂತ ನಂಬಿದ್ದೇವೆ.

ಆದರೂ ಅನಂತಮೂರ್ತಿಯವರು ಆಚಾರ್ಯರನ್ನು ಅಲ್ಲಿಗೇ ಬಿಡುವುದಿಲ್ಲ. ಕಾಡಿನಲ್ಲಿ ಚಂದ್ರಿಯ ಜೊತೆ ಆದದ್ದು ತಾನಾಗಿ ಆಯಿತು, ನಾನು ಮಾಡಿದ್ದಲ್ಲ ಅಂತ ಆಚಾರ್ಯರು ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲು ನೋಡ್ತಾರೆ ಕೂಡ. ನಿಧಾನಕ್ಕೆ ಗೊತ್ತಾಗುತ್ತದೆ, ತಾನಾಗಿ ಆದದ್ದಕ್ಕೂ ‘ನಾನು’ ಅಂತ ಸಹಿ ಹಾಕಬೇಕು ಅಂತ. ಕೊನೆಗೆ ಅಗ್ರಹಾರಕ್ಕೆ ಹೋಗುವ ಗಾಡಿ ಹತ್ತುತ್ತಾರೆ. ಅಲ್ಲಿ ಹೋಗಿ ಹೇಳಿದರೋ ಇಲ್ಲವೋ, ಕಾದಂಬರಿ ತೋರಿಸುವುದಿಲ್ಲ. ಇದನ್ನು ‘ಮುಕ್ತ ಅಂತ್ಯ’ ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಈಗ ಬೇರೊಂದು ಕಾಣುತ್ತದೆ. ಗಾಡಿಯಲ್ಲಿ ಕೂತ ಮೇಲೂ ಅವರಿಗೆ ಆತಂಕ ಹೋಗಿಲ್ಲ. ಹೆದರಿಕೆ ಹೋದ ಮೇಲೆ ಹತ್ತೋಣ ಅಂತ ಕಾದಿದ್ದರೆ ಗಾಡಿಯೇ ತಪ್ಪುತ್ತಿತ್ತು.

ಕಾದಂಬರಿ ಮುಗಿಸಿದಾಗ ಮಧ್ಯರಾತ್ರಿ. ಅಮ್ಮ ನೀರು ಬೀಳದ ಮೂಲೆ ಹುಡುಕಿ ಮಂಚ ಎಳೆಯುತ್ತಾ ಇದ್ದಳು. ಎರಡು ವರ್ಷ ನಾನು ‘ಇನ್ನೂ ತೀರ್ಮಾನ ಮಾಡಿಲ್ಲ’ ಅಂದುಕೊಂಡಿದ್ದೆ. ಮಾಡಿದ್ದೆ, ಮಾರಾಯ್ರೆ. ಅಮ್ಮ ಒದ್ದೆಯಲ್ಲಿ ಮಲಗಲಿ ಅಂತಲೇ ಮಾಡಿದ್ದೆ. ಸಹಿ ಹಾಕಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಮಾಡು ಸರಿಮಾಡುವವರಿಗೆ ಫೋನ್ ಮಾಡಿದೆ. ಮನೆ ಉಳಿಸುವುದು ಸರಿಯೋ ತಪ್ಪೋ, ಈಗಲೂ ಗೊತ್ತಿಲ್ಲ. ಕೆಲಸದ ವಿಷಯ ಇನ್ನೂ ಪಟ್ಟಿಯಲ್ಲೇ ಇದೆ. ಹೈವೇಯಲ್ಲಿ ಕುಂದಾಪುರ ಬೋರ್ಡಿನ ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ನಮ್ಮಲ್ಲಿ ಅದು ನಿಲ್ಲುವುದಿಲ್ಲ. ಹತ್ತಬೇಕಾದರೆ ಪಡುಬಿದ್ರಿಯವರೆಗೆ ಹೋಗಬೇಕು.