ಲಿವರ್ ಬೀಗದ ಒಳಗು

ಲಿವರ್ ಬೀಗದ ಚಂದ ಹೊರಗಿನ ಹೊಳಪಿನಲ್ಲಿಲ್ಲ, ಒಳಗೆ ಒಂದರ ಮೇಲೊಂದು ಕೂತ ತೆಳು ಲೋಹದ ಪಟ್ಟಿಗಳಲ್ಲಿದೆ; ಇವೇ ಲಿವರ್‌ಗಳು. ಪ್ರತಿ ಪಟ್ಟಿಯನ್ನೂ ಪುಟ್ಟ ಸ್ಪ್ರಿಂಗ್ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಕೀಲಿಕೈ ತಿರುಗಿದಾಗ ಅದರ ಒಂದೊಂದು ಹಲ್ಲೂ ತನ್ನ ಪಟ್ಟಿಯನ್ನು ತಕ್ಕಷ್ಟೇ ಎತ್ತಬೇಕು. ಕೊಂಚ ಕಡಿಮೆಯಾದರೂ ಅಗುಳಿ ಅಲುಗದು, ಹೆಚ್ಚಾದರೂ ಅಲುಗದು. ಹೆಚ್ಚು ಎತ್ತಿದವನನ್ನೂ ತಡೆಯುವ ಈ ಜಾಣ್ಮೆಗೆ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದರು. ಬೀಗದ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ಕಡಿಮೆ.

ತಮಿಳುನಾಡಿನ ದಿಂಡಿಗಲ್‌ನಲ್ಲಿ ಕುಶಲಕರ್ಮಿಗಳು ಇಂದಿಗೂ ಅರದಿಂದ ಉಜ್ಜಿ, ಕೈಯಲ್ಲೇ ಇಂಥ ಬೀಗ ಕೂಡಿಸುತ್ತಾರೆ. 2019ರಲ್ಲಿ ದಿಂಡಿಗಲ್ ಬೀಗಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಳ್ಳೆಯ ಬೀಗ ಅಂಗೈಗೆ ತೂಕವೆನಿಸುತ್ತದೆ. ಕೀಲಿ ಗರಗರ ಎನ್ನದೆ ತಿರುಗಿ, ಕೊನೆಗೆ ‘ಟಕ್’ ಎಂದು ನಿಲ್ಲುತ್ತದೆ.

ಮುಂಬಾಗಿಲಿಗೆ ಲಿವರ್‌ಗಳು ಐದಕ್ಕಿಂತ ಕಡಿಮೆ ಬೇಡ. ಬಾಗಿಲನ್ನು ಕೊರೆದು ಕೂರಿಸುವ ಮಾರ್ಟೈಸ್ ಬೀಗಕ್ಕೆ ದಪ್ಪ ಮರವಿರಬೇಕು, ತೆಳು ಹಲಗೆ ಅಲ್ಲೇ ಸೋಲುತ್ತದೆ. ಬಚ್ಚಲಿಗೆ ಚಿಲಕ ಸಾಕು. ಬಿಗಿಯಾದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ವಾಡಿಕೆ. ಆದರೆ ಅದು ಧೂಳು ಹಿಡಿದು ಪಟ್ಟಿಗಳನ್ನು ಅಂಟಿಸುತ್ತದೆ. ಗ್ರಾಫೈಟ್ ಪುಡಿ, ಅದಿಲ್ಲದಿದ್ದರೆ ಪೆನ್ಸಿಲ್ ಸೀಸದ ಪುಡಿ, ಒಳ್ಳೆಯದು.