ಲ್ಯಾಪ್‌ಟಾಪ್ ಸ್ಟ್ಯಾಂಡ್: ಎತ್ತಿದ್ದೆಷ್ಟು, ಇಳಿಸಿದ್ದೆಷ್ಟು?

2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿದವರ ಜೊತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಗೆ ಕಚೇರಿಯೂ ಬಂತು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಈ ಸೀಮೆಗೆ ಬ್ಯಾಟರಿಯಿರುವ ಲ್ಯಾಪ್‌ಟಾಪೇ ಸರಿ. ಆದರೆ ಊಟದ ಮೇಜಿನ ಮೇಲೆ ಅದನ್ನಿಟ್ಟು ದಿನವಿಡೀ ಬಗ್ಗಿ ಕೂತರೆ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವವರ ಹಾಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅದಕ್ಕೆ ಮದ್ದೆಂದು ಸ್ಟ್ಯಾಂಡ್ ಮಾರುವವರು ಎರಡು ಭರವಸೆ ಕೊಡುತ್ತಾರೆ: ಬೆನ್ನು ನೆಟ್ಟಗಾಗುತ್ತದೆ, ಏಕಾಗ್ರತೆ ಹೆಚ್ಚುತ್ತದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಕಾಲು.

ಓದುವುದನ್ನು ಎತ್ತರಕ್ಕಿಡುವ ಉಪಾಯ ಶೃಂಗೇರಿಗೆ ಹೊಸದಲ್ಲ. ಪಾರಾಯಣಕ್ಕೆ ಕೂತವರ ಮುಂದೆ ಮಡಚುವ ಮರದ ವ್ಯಾಸಪೀಠವಿರುತ್ತದೆ. ಅದೂ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ತರುವುದಿಲ್ಲ. ಆದರೂ ಸಾಕಾಗುತ್ತದೆ. ಬಹುಪಾಲು ಬಾಯಿಪಾಠವಾಗಿರುವುದರಿಂದ ಕಣ್ಣು ಆಗಾಗ ಪುಟ ಬಿಟ್ಟು ಮೇಲೇಳುತ್ತದೆ. ಕೈಗೆ ಪುಟ ಮಗುಚುವುದಷ್ಟೇ ಕೆಲಸ.

ಲ್ಯಾಪ್‌ಟಾಪಿನ ತೊಡಕೇ ಬೇರೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು, ಕೀಬೋರ್ಡು ಮೊಣಕೈ ಮಟ್ಟದಲ್ಲಿ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವಾಗ ಸ್ಟ್ಯಾಂಡ್ ಎರಡನ್ನೂ ಒಟ್ಟಿಗೇ ಎತ್ತುತ್ತದೆ. ಸುಮಾರು 5 ಕಿಲೋ ತೂಗುವ ತಲೆ ನೆಟ್ಟಗೆ ನಿಲ್ಲುತ್ತದೆ ನಿಜ. ನೋವು ಮಾತ್ರ ಕುತ್ತಿಗೆಯಿಂದ ಭುಜಕ್ಕೆ, ಮಣಿಕಟ್ಟಿಗೆ ವರ್ಗವಾಗುತ್ತದೆ. ಬೇರೆ ಕೀಬೋರ್ಡು, ಮೌಸು ಇಲ್ಲದ ಸ್ಟ್ಯಾಂಡ್ ಮೀಟಿಂಗಿಗೆ, ಓದಿಗೆ ಆದೀತು, ಟೈಪಿಂಗಿಗೆ ಆಗದು. ಬೈಫೋಕಲ್ ಕನ್ನಡಕದವರಿಗಂತೂ ಈ ಎತ್ತರವೇ ತೊಂದರೆ: ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಬೇಕಾಗುತ್ತದೆ. ಅವರಿಗೆ ಪರದೆ ತುಸು ತಗ್ಗಿನಲ್ಲೇ ಇರಲಿ.

ಇನ್ನು ಏಕಾಗ್ರತೆ. ನೋವು ತಗ್ಗಿದಷ್ಟು ಗಮನ ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಸ್ಟ್ಯಾಂಡ್ ಕೊಡಲಾರದು. ಪರದೆಯನ್ನು ಎಷ್ಟೇ ಮೇಲಿಟ್ಟರೂ ವಾಟ್ಸ್ಯಾಪ್ ಸಂದೇಶ ಅಲ್ಲಿಗೂ ಬರುತ್ತದೆ. ಅಲುಗಾಡದೆ ಕೂತರೆ ಒಳ್ಳೆಯ ಭಂಗಿಯೂ ನೋಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುವುದು ಕಣ್ಣಿನ ವೈದ್ಯರ ಸಲಹೆ. ಪಾರಾಯಣ ಮಾಡುವವರು ತಾವಾಗಿಯೇ ಕಣ್ಣೆತ್ತುತ್ತಾರೆ, ನಾವು ನೆನಪಿಟ್ಟು ಎತ್ತಬೇಕು. ಜೊತೆಗೆ ಗಂಟೆಗೊಮ್ಮೆಯಾದರೂ ಎದ್ದು ಅಂಗಳಕ್ಕೆ ಹೋಗಿ ಬರಬೇಕು.

ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಮೊದಲು ಕೀಬೋರ್ಡಿಗೂ ಮೌಸಿಗೂ ಹಾಕಿ. ಎತ್ತರಕ್ಕೆ ಮನೆಯ ಮಣೆಯೋ ನಾಲ್ಕು ದಪ್ಪ ಪುಸ್ತಕಗಳೋ ಸಾಕು. ವ್ಯಾಸಪೀಠವನ್ನು ಇದಕ್ಕೆ ಬಳಸಬೇಡಿ. ತೆರೆದ ಪುಸ್ತಕಕ್ಕೆಂದು ಮಾಡಿದ ಅದರ ಮೇಲೆ ಚಪ್ಪಟೆ ಯಂತ್ರ ಜಾರುತ್ತದೆ. ದಿನಾ ಜಾಗ ಬದಲಿಸುವವರು, ಎತ್ತರ ಹೊಂದಿಸಬೇಕಾದವರು ಮಾತ್ರ ಸ್ಟ್ಯಾಂಡ್ ಕೊಳ್ಳಲಿ. ಉಳಿದವರಿಗೆ ಅದು ಅನಗತ್ಯ ಖರ್ಚು.